ಜಂಗು ಹಿಡಿದ ಗಾಡಿಯ ಜಮಾಖರ್ಚು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಅವರ ಕಾಲದಲ್ಲಿ ಮೋಟಾರು ಗಾಡಿಗಳಿರಲಿಲ್ಲ. ಇದ್ದಿದ್ದರೆ ‘ಹಳೆಯ ಗಾಡಿ ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸದೆ ಬಿಡುತ್ತಿರಲಿಲ್ಲ. ಮೊದಲಿನ ಎರಡರಲ್ಲಿ ಸಾಲ ತೀರಿದ ಮೇಲೆ ಮನೆಯೂ ಸೊಸೆಯೂ ಉಳಿಯುವುದುಂಟು. ಮೂರನೆಯದರಲ್ಲಿ ಏನು ಉಳಿಯುತ್ತದೆಂಬುದನ್ನು ಹದಿನಾಲ್ಕು ತಿಂಗಳು ಪಾಠ ಹೇಳಿಸಿಕೊಂಡವನು ನಾನು. ಈ ಅವಧಿಯಲ್ಲಿ ಕೋಥರೂಡದ ಕನ್ನಡ ಬಾಂಧವರು ಭಾಜಿ ಮಾರ್ಕೆಟಿನಲ್ಲಿ ಕಂಡರೂ, ಬಸ್ ಸ್ಟ್ಯಾಂಡಿನಲ್ಲಿ ಕಂಡರೂ, “ಏನ್ರಿ, ನಿಮ್ಮ ಗಾಡಿ ಎಲ್ಲೀ ತನಕ ಬಂತು?” ಎಂದೇ ಮಾತು ತೆಗೆಯುತ್ತಿದ್ದರು. ಗಾಡಿ ಎಲ್ಲಿಯ ತನಕವೂ ಬಂದಿರಲಿಲ್ಲ, ನಿಂತಲ್ಲಿಯೇ ನಿಂತಿತ್ತು. ಎಲ್ಲರಿಗೂ ಒಮ್ಮೆಲೆ ಉತ್ತರ ಕೊಟ್ಟು ಮುಗಿಸಬೇಕೆಂದು ಈ ಲೇಖನ.

ಗಾಡಿಯೆಂದರೆ ಮ್ಯಾಟಡಾರ್ ಪಿಕಪ್, 1991ರಲ್ಲಿ ತಯಾರಾದದ್ದು. ಮುಂದೆ ಚಾಲಕನೊಡನೆ ಇನ್ನಿಬ್ಬರು ಕೂಡ್ರುವ ಕ್ಯಾಬಿನ್, ಹಿಂದೆ ಸಾಮಾನು ಹೇರುವ ತೆರೆದ ಹೌದಾ. ದಹಾಣೂಕರ ಕಾಲೊನಿಯ ಸಮೀಪದ ಒಂದು ಹಳೆಯ ಹೌಸಿಂಗ್ ಸೊಸಾಯಿಟಿಯ ಆವಾರದಲ್ಲಿ, ಬೇವಿನ ಮರದ ಬುಡಕ್ಕೆ, ಹನ್ನೊಂದು ಮಳೆಗಾಲ ನೆನೆಯುತ್ತ ನಿಂತಿತ್ತು. ಗಾಲಿಗಳ ಗಾಳಿ ಹೋಗಿ ನೆಲಕ್ಕೆ ಅಂಟಿದ್ದವು. ಹೌದಾದಲ್ಲಿ ಮೊಳಕಾಲುದ್ದ ಹುಲ್ಲು ಬೆಳೆದಿತ್ತು. ಚಾಲಕನ ಸೀಟಿನಲ್ಲಿ ಒಂದು ಬೆಕ್ಕು ಮೂರು ಬಾಣಂತನ ಮುಗಿಸಿತ್ತು.

ಅದರ ಮಾಲಕರು ವಿಜಯಪುರ ಜಿಲ್ಲೆಯಿಂದ ಬಂದು ಇಲ್ಲಿ ನೆಲೆಸಿದವರು. ಓಣಿಯ ಮಕ್ಕಳಿಗೆ ಅವರ ಹೆಸರು ಗೊತ್ತಿರಲಿಲ್ಲ. ಎಲ್ಲರಿಗೂ ಅವರು ‘ಟೆಂಪೋ ಕಾಕಾ’. ಊರಿನಿಂದ ಹೊಸದಾಗಿ ಬಂದ ಕನ್ನಡ ಕುಟುಂಬದ ಹಾಸಿಗೆ ಪಾತ್ರೆಗಳಿಂದ ಹಿಡಿದು ರಾಜ್ಯೋತ್ಸವದ ನಾಟಕದ ಪರದೆಗಳ ವರೆಗೆ ಎಲ್ಲವೂ ಅವರ ಗಾಡಿಯಲ್ಲಿಯೇ ಬರಬೇಕು. 1996ರ ಜೂನಿನಲ್ಲಿ ನಮ್ಮ ಮನೆಯ ಸಾಮಾನು ಲಾರಿಯಲ್ಲಿ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಇಳಿದಾಗ ಕೋಥರೂಡಕ್ಕೆ ಹೊತ್ತು ತಂದದ್ದು ಅದೇ ಮ್ಯಾಟಡಾರ್. ನನಗಾಗ ಏಳು ವರ್ಷ. ಹಾಸಿಗೆಯ ಸುರುಳಿಯ ಮೇಲೆ ಅರಸನಂತೆ ಕೂತಿದ್ದೆ. ಟಿಳಕ ರಸ್ತೆಯಲ್ಲಿ ಮಳೆ ಹಿಡಿಯಿತು. ಕಾಕಾ ಗಾಡಿ ನಿಲ್ಲಿಸಿ ಸಾಮಾನಿಗೆ ತಾಡಪತ್ರಿ ಕಟ್ಟಿ, ನನ್ನನ್ನು ಎತ್ತಿ ಮುಂದೆ ಕೂಡಿಸಿಕೊಂಡರು. ಲಕಡಿ ಪೂಲು, ಡೆಕ್ಕನ್, ಕರ್ವೆ ರಸ್ತೆ ಎಂಬ ಹೆಸರುಗಳನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಮನೆಯ ಮುಂದೆ ಅಪ್ಪ ಬಾಡಿಗೆಯ ಮಾತೆತ್ತಿ ತಡವರಿಸಿದಾಗ, “ಪಗಾರ ಆದ ಮ್ಯಾಲ ಕೊಡ್ರಿ, ಗಾಡಿ ಎಲ್ಲಿ ಹೋಗತದ?” ಎಂದು ನಕ್ಕು ಹೊರಟುಹೋದರು.

ಇಂದು ಕೋಥರೂಡದ ಯಾವ ಓಣಿಗೆ ಹೋದರೂ ಮೂರು ಮಜಲಿನ ಹಳೆಯ ಕಟ್ಟಡಗಳನ್ನು ಕೆಡವಿ ಎತ್ತರದ ಕಟ್ಟಡ ಎಬ್ಬಿಸುವ ಕೆಲಸ ನಡೆದಿದೆ. ಕಾಕಾ ಅವರ ಸೊಸಾಯಿಟಿಗೂ ಪಾಳಿ ಬಂತು. ಮೊದಲಿಗೆ ಮಣ್ಣಿನ ಪರೀಕ್ಷೆ. ಕೊರೆಯುವ ಯಂತ್ರ ನಿಲ್ಲಬೇಕಾದಲ್ಲಿಯೇ ಮ್ಯಾಟಡಾರ್ ನಿಂತಿತ್ತು. ‘ಒಂದು ತಿಂಗಳೊಳಗೆ ತೆಗೆಯತಕ್ಕದ್ದು’ ಎಂದು ಕಾಕುಗೆ ಪತ್ರ ಬಂತು. ಕಾಕಾ ತೀರಿಕೊಂಡು ಅಷ್ಟೊತ್ತಿಗೆ ಎರಡು ವರ್ಷವಾಗಿತ್ತು. ಮರಾಠಿ ಪತ್ರವನ್ನು ಓದಿ ಹೇಳಲು ಕಾಕು ನನ್ನನ್ನು ಕರೆಸಿದರು. ನಾನು ಹೋದಾಗ ಗುಜರಿಯವನೊಬ್ಬ ಗಾಡಿಯ ಸುತ್ತ ತಿರುಗಿ, ಎಲ್ಲೆಲ್ಲಿ ಕತ್ತರಿಸಬೇಕೆಂದು ಖಡುವಿನಿಂದ ಗೆರೆ ಎಳೆಯುತ್ತಿದ್ದ. ತೂಕದ ಲೆಕ್ಕದಲ್ಲಿ 32 ಸಾವಿರ ಕೊಡುವೆನೆಂದ.

“ಅದನ್ನ ಇಲ್ಲೇ ಕೊಯ್ಯತಾರೇನಪಾ?” ಎಂದು ಕಾಕು ಕೇಳಿದರು.

“ಹೌದ್ರಿ, ಗ್ಯಾಸ್ ಹಚ್ಚಿ ಕೊಯ್ಯತಾರ.”

“ಹಂಗಾದ್ರ ಅವತ್ತ ನಾ ಮಗಳ ಮನೀಗೆ ಹೋಗಿರತೀನಿ” ಎಂದು ಒಳಗೆ ನಡೆದರು.

ಆ ಹೊತ್ತಿಗೆ ನನ್ನ ಬಾಯಿಂದ ಹೇಗೆ ಬಂತೋ ನಾನರಿಯೆ. “ನಾ 35 ಸಾವಿರ ಕೊಡತೀನ್ರಿ” ಎಂದುಬಿಟ್ಟೆ. ನನಗೆ ಮೋಟಾರಿನ ಜ್ಞಾನವಾಗಲಿ, ನಿಲ್ಲಿಸುವ ಸ್ಥಳವಾಗಲಿ, ಕೈಯಲ್ಲಿ ರೊಕ್ಕವಾಗಲಿ ಇರಲಿಲ್ಲ. ಮನೆಗೆ ಬಂದು ಹೇಳಿದಾಗ ನಮ್ಮವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಕಾಕು ಮ್ಯಾಲ ಕರುಣಾ ಬಂದಿದ್ರ ಒಂದು ಸೀರಿ ಕೊಡಬೇಕಿತ್ತು. ಗಾಡಿ ಯಾಕ ತಗೊಂಡ್ರಿ?” ಎಂದು ಕೇಳಿದಳು. ಈ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ.

ಟೆಂಪೋ ಎಂಬ ಹೆಸರು

ಸಣ್ಣ ಸಾಮಾನು ಗಾಡಿಗೆ ನಾವೆಲ್ಲ ‘ಟೆಂಪೋ’ ಎನ್ನುತ್ತೇವೆ. ಇದು ಒಂದು ಜರ್ಮನ್ ಕಂಪನಿಯ ಗಾಡಿಗಳ ಹೆಸರೆಂಬುದು ಬಹಳ ಜನರಿಗೆ ತಿಳಿದಿರಲಿಕ್ಕಿಲ್ಲ. ಹ್ಯಾಂಬರ್ಗ್ ನಗರದ ವಿಡಾಲ್ ಮತ್ತು ಮಗ ಎಂಬ ಸಂಸ್ಥೆ ಟೆಂಪೋ ಹೆಸರಿನಿಂದ ಹಗುರವಾದ ಸರಕು ವಾಹನಗಳನ್ನು ತಯಾರಿಸುತ್ತಿತ್ತು. ಸ್ವಾತಂತ್ರ್ಯದ ಚಳವಳಿಯಲ್ಲಿ ಪಾಲುಗೊಂಡಿದ್ದ ನವಲಮಲ್ ಫಿರೋದಿಯಾ ಅವರು ಆ ಸಂಸ್ಥೆಯ ಸಹಕಾರದಿಂದ 1958ರಲ್ಲಿ ಬಜಾಜ್ ಟೆಂಪೋ ಕಂಪನಿಯನ್ನು ಸ್ಥಾಪಿಸಿದರು. ನಮ್ಮ ಕರ್ವೆ ರಸ್ತೆಗೆ ಹೆಸರಾದ ಮಹರ್ಷಿ ಧೋಂಡೋ ಕೇಶವ ಕರ್ವೆಯವರಿಗೆ ನೂರನೆಯ ವಯಸ್ಸಿನಲ್ಲಿ ಭಾರತರತ್ನ ದೊರೆತದ್ದೂ ಅದೇ ವರ್ಷ. ಮೊದಲು ಬಂದದ್ದು ಮೂರು ಗಾಲಿಯ ಹ್ಯಾನ್‌ಸೀಟ್. ಮುಂಬಯಿಯ ಗೋರೆಗಾಂವದಲ್ಲಿ ಪ್ರಾರಂಭವಾದ ಕಾರಖಾನೆ 1960ರ ದಶಕದಲ್ಲಿ ಪುಣೆಯ ಆಕುರ್ಡಿಗೆ ಬಂತು. 1969ರಲ್ಲಿ ನಾಲ್ಕು ಗಾಲಿಯ ಮ್ಯಾಟಡಾರ್ ಹೊರಬಿತ್ತು. ಮುಂದೆ ಇದಕ್ಕೆ ಮರ್ಸಿಡಿಸ್ ನಮೂನೆಯ ಡಿಸೆಲ್ ಎಂಜಿನನ್ನೂ ಕೂಡಿಸಿದರು. 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟರ್ಸ್ ಎಂದಾಯಿತು. ಆದರೂ ಜನರ ಬಾಯಲ್ಲಿ ಎಲ್ಲ ಕಂಪನಿಯ ಗಾಡಿಗಳೂ ಟೆಂಪೋಗಳಾಗಿಯೇ ಉಳಿದಿವೆ.

ಮ್ಯಾಟಡಾರಿನಲ್ಲಿ ಒಂದು ಜಾಣತನವಿತ್ತು. ಸಾಮಾನ್ಯವಾಗಿ ಲಾರಿಗಳಲ್ಲಿ ಎಂಜಿನ್ ಮುಂದಿದ್ದು, ಅದರ ಶಕ್ತಿ ಉದ್ದನೆಯ ದಂಡದ ಮೂಲಕ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಆ ದಂಡಕ್ಕೆ ಜಾಗ ಬಿಡಬೇಕಾದುದರಿಂದ ಹೌದಾ ಎತ್ತರವಾಗುತ್ತದೆ. ಮ್ಯಾಟಡಾರಿನಲ್ಲಿ ಎಂಜಿನ್ ಮುಂದಿನ ಗಾಲಿಗಳನ್ನೇ ತಿರುಗಿಸುವುದರಿಂದ ಆ ದಂಡವೇ ಇಲ್ಲ. ಹೌದಾ ನೆಲಕ್ಕೆ ಹತ್ತಿರ. ಕಪಾಟನ್ನಾಗಲಿ ಗೋದಿಯ ಚೀಲವನ್ನಾಗಲಿ ಇಬ್ಬರೇ ಎತ್ತಿ ಇಡಬಹುದು. ಕಾಕಾ ಕೂಲಿಯಾಳಿಲ್ಲದೆ ಇಷ್ಟು ವರ್ಷ ಹೇಗೆ ದುಡಿದರೆಂಬುದು ನನಗೆ ಈಗ ತಿಳಿಯಿತು.

ಜಂಗಿನ ಲೀಲೆ

ಗಾಡಿಯನ್ನು ಕ್ರೇನಿಗೆ ಕಟ್ಟಿಸಿ, ಪೌಡ ರಸ್ತೆಯ ಆಚೆಗಿರುವ ಒಬ್ಬ ವಯಸ್ಸಾದ ಮೇಸ್ತ್ರಿಯ ಅಂಗಳಕ್ಕೆ ಒಯ್ದೆವು. ಅವರು ನನ್ನ ಕೈಗೆ ಒಂದು ಲೋಹಚುಂಬಕವನ್ನೂ ಒಂದು ಸ್ಕ್ರೂಡ್ರೈವರನ್ನೂ ಕೊಟ್ಟು, “ಸಾಹೇಬ, ಇವನ್ನು ಕೊಳ್ಳುವ ಮೊದಲು ತರಬೇಕಾಗಿತ್ತು” ಎಂದು ಮರಾಠಿಯಲ್ಲಿ ಹೇಳಿದರು. ವಾಚಕರಲ್ಲಿ ಯಾರಾದರೂ ಹಳೆಯ ಗಾಡಿ ಕೊಳ್ಳುವ ವಿಚಾರದಲ್ಲಿದ್ದರೆ ಈ ಎರಡು ಆಯುಧಗಳನ್ನು ಮರೆಯಬಾರದು. ಚುಂಬಕಕ್ಕೆ ತೆಳುವಾದ ಬಟ್ಟೆ ಸುತ್ತಿ ಬಣ್ಣದ ಮೇಲೆ ಆಡಿಸಬೇಕು. ಉಕ್ಕಿನ ತಗಡಿದ್ದಲ್ಲಿ ಅದು ಹಿಡಿಯುತ್ತದೆ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಲ್ಲಿ ಜಾರಿ ಬೀಳುತ್ತದೆ. ಸ್ಕ್ರೂಡ್ರೈವರಿನಿಂದ ಬಾಗಿಲಿನ ಕೆಳಗಂಚು, ಕಾಲಿಡುವ ನೆಲ, ಗಾಲಿಯ ಕಮಾನು, ಬ್ಯಾಟರಿಯ ಅಡಿ ಮತ್ತು ಚಾಸಿಯ ಅಡ್ಡಪಟ್ಟಿಗಳನ್ನು ಒತ್ತಿ ನೋಡಬೇಕು.

ನಾನು ಒತ್ತಿದೆ. ಚಾಲಕನ ಕಾಲ ಕೆಳಗಿನ ನೆಲ ಹಪ್ಪಳದಂತೆ ಮುರಿದು, ಸ್ಕ್ರೂಡ್ರೈವರ್ ಕೆಳಗಿನ ಮಣ್ಣಿಗೆ ಬಿತ್ತು.

ಜಂಗು ಹಿಡಿಯಲು ನೀರೂ ಬೇಕು, ಗಾಳಿಯಲ್ಲಿಯ ಆಮ್ಲಜನಕವೂ ಬೇಕು. ಉಪ್ಪು ಕೂಡಿದರೆ ಕೆಲಸ ಬೇಗ ಸಾಗುತ್ತದೆ. ಅದರಿಂದಲೇ ಸಮುದ್ರದ ದಂಡೆಯ ಗಾಡಿಗಳು ಬೇಗ ಕೊಳೆಯುತ್ತವೆ. ಪುಣೆಗೆ ಸಮುದ್ರ ದೂರ; ಆದರೆ ನಮ್ಮ ಗಾಡಿಗೆ ಬೇವಿನ ಮರ ಹತ್ತಿರವಿತ್ತು. ಉದುರಿದ ಎಲೆಗಳು ಸಂದುಗೊಂದುಗಳಲ್ಲಿ ತುಂಬಿ, ನೀರು ಹರಿದುಹೋಗಲು ಬಿಟ್ಟ ತೂತುಗಳನ್ನು ಮುಚ್ಚಿ, ಮಳೆಗಾಲ ಮುಗಿದ ಮೇಲೂ ತಿಂಗಳುಗಟ್ಟಲೆ ಹಸಿಯನ್ನು ಹಿಡಿದಿಟ್ಟಿದ್ದವು. ಜಂಗು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಆದುದರಿಂದ ಅದು ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಹೊರಗೆ ರೂಪಾಯಿಯಷ್ಟು ಗುಳ್ಳೆ ಕಂಡರೆ ಒಳಗೆ ತಟ್ಟೆಯಷ್ಟು ಕೊಳೆತಿದೆಯೆಂದು ತಿಳಿಯಬೇಕು ಎಂಬುದು ಮೇಸ್ತ್ರಿಯ ಸೂತ್ರ.

ಔಷಧ ಕಠಿಣವಾದದ್ದು. ಸತ್ತ ತಗಡನ್ನು ಜೀವವಿರುವ ತಗಡು ಸಿಗುವ ವರೆಗೆ ಕತ್ತರಿಸಿ ತೆಗೆಯಬೇಕು, ಹೊಸದನ್ನು ಬೆಸೆಯಬೇಕು, ಉಳಿದುದನ್ನು ಉಕ್ಕಿನ ಬ್ರಶ್ಶಿನಿಂದ ತಿಕ್ಕಿ ಬೆಳ್ಳಗೆ ಮಾಡಿ, ಅದೇ ದಿವಸ ರೆಡ್ ಆಕ್ಸೈಡ್ ಬಳಿಯಬೇಕು. ರಾತ್ರಿ ಹಾಗೆಯೇ ಬಿಟ್ಟರೆ ಬೆಳಗಾಗುವುದರೊಳಗೆ ಮತ್ತೆ ಕೆಂಪಗಾಗಿರುತ್ತದೆ. ಎಂಜಿನ್ ಬಿಗಿದುಕೊಂಡಿತ್ತು. ನಾಝಲುಗಳನ್ನು ಬಿಚ್ಚಿ, ಆ ತೂತುಗಳೊಳಗೆ ಡಿಸೆಲ್ಲೂ ಎಣ್ಣೆಯೂ ಕೂಡಿದ ಮಿಶ್ರಣ ಸುರಿದು ಒಂಬತ್ತು ದಿನ ಬಿಟ್ಟೆವು. ಹತ್ತನೆಯ ದಿನ ಉದ್ದನೆಯ ಪಾನಾ ಹಾಕಿ ಮೂವರು ಜಗ್ಗಿದಾಗ ಬೆರಳಿನಷ್ಟು ತಿರುಗಿತು. ಮೇಸ್ತ್ರಿ ಅಂದು ಎಲ್ಲರಿಗೂ ಚಹಾ ತರಿಸಿದರು.

ಬಿಡಿ ಭಾಗಗಳಿಗಾಗಿ ನಾನಾ ಪೇಠೆಯ ಅಂಗಡಿಗಳನ್ನು ತಿರುಗಿದೆ. ಅಲ್ಲಿ ಸಿಗದುದನ್ನು ಮಂಗಳವಾರ ಪೇಠೆಯ ಜುನಾ ಬಾಜಾರದಲ್ಲಿ ಹುಡುಕಿದೆ. ಆ ಸಂತೆ ಕೂಡುವುದು ಬುಧವಾರ ಮತ್ತು ರವಿವಾರ. ನನಗೆ ರವಿವಾರವಷ್ಟೇ ರಜೆ. ಬಾಗಿಲಿನ ಒಂದು ಹಿಡಿಕೆಗಾಗಿ ಐದು ರವಿವಾರ ಹೋದೆನೆಂದರೆ ಮನೆಯವರ ಮನಃಸ್ಥಿತಿಯನ್ನು ವಾಚಕರು ಊಹಿಸಬಹುದು.

ಮೇಸ್ತ್ರಿ ಮೊದಲಿಗೆ ಹೇಳಿದ ಅಂದಾಜು 90 ಸಾವಿರ. ಐದನೆಯ ತಿಂಗಳಿಗೆ ಅದು ದಾಟಿಹೋಯಿತು. ನೌಕರರ ಪತ್ತಿನ ಸಂಘದಿಂದ ಸಾಲ ತೆಗೆದೆ, ಮನೆಯಲ್ಲಿ ಹೇಳಲಿಲ್ಲ. ಪಗಾರದ ಚೀಟಿಯಲ್ಲಿ ಕಡಿತ ಕಂಡಾಗ ವಿಷಯ ಹೊರಬಿತ್ತು. ಅವಳು ಜಗಳವಾಡಲಿಲ್ಲ. “ಗಾಡಿ ತಗೊಂಡಿದ್ದಕ್ಕ ನನಗೇನೂ ಇಲ್ಲ. ಮುಚ್ಚಿಟ್ರಲ್ಲ, ಅದು” ಎಂದಷ್ಟೇ ಅಂದಳು. ಹದಿನೈದು ದಿನ ನಮ್ಮ ನಡುವಿನ ಮಾತು ಮಗಳ ಮುಖಾಂತರ ನಡೆಯಿತು. ಗಾಡಿಯನ್ನು ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳುವುದೆಂದು ನಿಶ್ಚಯಿಸಿ ಒಂದು ಸಂಜೆ ಮೇಸ್ತ್ರಿಯ ಕಡೆ ಹೊರಟಾಗ, ಅವಳೂ ಚಪ್ಪಲಿ ಮೆಟ್ಟಿ ಬಂದಳು. ಅಂಗಳದಲ್ಲಿ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಮೇಸ್ತ್ರಿಗೆ ಇನ್ನೂ ಏನೇನು ಬೇಕೆಂದು ಕೇಳಿ, ಎಲ್ಲವನ್ನೂ ಬರೆದುಕೊಂಡಳು. ಮರುದಿನದಿಂದ ಜಮಾಖರ್ಚಿನ ವಹಿ ಅವಳ ಕೈಗೆ ಹೋಯಿತು. ನನಗೆ ಬಸ್ಸಿನ ಚೀಟಿಯ ಲೆಕ್ಕವನ್ನೂ ಕೊಡಬೇಕಾಯಿತು. ಕೆಲಸ ಮುಂದುವರಿದದ್ದು ಹೀಗೆ.

ಕಾಗದದ ಜಂಗು

ತಗಡಿನ ಜಂಗನ್ನು ತಿಕ್ಕಬಹುದು. ಕಾಗದದ ಜಂಗು ಅದಕ್ಕಿಂತ ಬಿಗಿ. ಕಚೇರಿಯಲ್ಲಿ ಹನ್ನೆರಡು ವರ್ಷ ಬೇರೆಯವರ ಅರ್ಜಿಗಳಲ್ಲಿ ಕೊರತೆ ಹುಡುಕಿದ ನಾನು ನನ್ನ ಸ್ವಂತದ ಕಾಗದಗಳನ್ನು ಕೊಳ್ಳುವ ಮೊದಲು ನೋಡಿರಲಿಲ್ಲ. ಗಾಡಿ ಇನ್ನೂ ಕಾಕಾ ಅವರ ಹೆಸರಿನಲ್ಲಿಯೇ ಇತ್ತು. ಮಾಲಕರು ತೀರಿಕೊಂಡಾಗ ವಾರಸದಾರರು 31ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಬಳಿಕ 29 ಮತ್ತು 30ನೆಯ ನಮೂನೆಗಳ ಮೂಲಕ ಕೊಂಡವನ ಹೆಸರಿಗೆ ಬದಲಾಗಬೇಕು. ಅನ್ಯ ರಾಜ್ಯದ ಗಾಡಿಯಾಗಿದ್ದರೆ 28ನೆಯ ನಮೂನೆಯ ನಿರಾಕ್ಷೇಪಣ ಪತ್ರವೂ ಬೇಕಾಗುತ್ತಿತ್ತು. ಊರಿನ ಕಡೆಯಿಂದ ಹಳೆಯ ಗಾಡಿ ತರಬೇಕೆನ್ನುವವರು ಇದನ್ನು ನೆನಪಿಡಬೇಕು.

ಹಳೆಯ ಗಾಡಿಗಳಿಗೆ ಸರಕಾರ ಗೌರವದ ಸ್ಥಾನ ಕೊಟ್ಟಿರುವುದೂ ಉಂಟು. ಜುಲೈ 2021ರ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡ, ದುಡಿಮೆಗೆ ಬಳಸದ ವಾಹನಗಳಿಗೆ ‘ವ್ಹಿ.ಎ.’ ಅಕ್ಷರಗಳ ಬೇರೆ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. 10 ವರ್ಷದ ಅವಧಿ. ಆದರೆ ಪ್ರದರ್ಶನ, ರ‍್ಯಾಲಿ ಮುಂತಾದ ಕಾರಣಗಳ ಹೊರತು ಅವುಗಳನ್ನು ದಿನವೂ ರಸ್ತೆಯ ಮೇಲೆ ಓಡಿಸುವಂತಿಲ್ಲ. ನಮ್ಮ ಗಾಡಿಗೆ 50 ತುಂಬುವುದು 2041ಕ್ಕೆ. ಈಗ ಮೂರನೆಯ ಇಯತ್ತೆಯಲ್ಲಿರುವ ನನ್ನ ಮಗಳು ಆ ಹೊತ್ತಿಗೆ ನನಗೇ ಬುದ್ಧಿ ಹೇಳುವ ವಯಸ್ಸಿನವಳಾಗಿರುತ್ತಾಳೆ.

ಆದುದರಿಂದ ಅದು ಸಾಮಾನ್ಯ ಸರಕು ವಾಹನವಾಗಿಯೇ ಪರೀಕ್ಷೆಗೆ ನಿಲ್ಲಬೇಕಾಯಿತು. ಇಂಥ ವಾಹನಕ್ಕೆ 8 ವರ್ಷದ ಬಳಿಕ ಪ್ರತಿ ವರ್ಷವೂ ಯೋಗ್ಯತೆಯ ಪ್ರಮಾಣಪತ್ರ ಬೇಕು. 15 ವರ್ಷ ಮೀರಿದವುಗಳ ಶುಲ್ಕ 1 ಏಪ್ರಿಲ್ 2022ರಿಂದ ಬಹಳ ಏರಿದೆ. ಮಹಾರಾಷ್ಟ್ರದಲ್ಲಿ ಹಳೆಯ ವಾಹನಗಳಿಗೆ ಪರಿಸರದ ತೆರಿಗೆಯೂ ಉಂಟು. ಇದರ ಉದ್ದೇಶವನ್ನು ತಪ್ಪೆನ್ನಲಾರೆ. ಕರಿಯ ಹೊಗೆ ಬಿಡುವ ಗಾಡಿಗಳ ಹಿಂದೆ ಸ್ಕೂಟರಿನಲ್ಲಿ ಹೋಗುವವನು ನಾನೂ ಹೌದು. ನೋಂದಾಯಿತ ಕೇಂದ್ರಕ್ಕೆ ಹಳೆಯ ಗಾಡಿಯನ್ನು ಒಪ್ಪಿಸಿದರೆ ಹೊಸ ಗಾಡಿಯ ರಸ್ತೆ ತೆರಿಗೆಯಲ್ಲಿ ಸ್ವಂತದ ವಾಹನಕ್ಕೆ 25, ದುಡಿಮೆಯ ವಾಹನಕ್ಕೆ 15 ಪ್ರತಿಶತದ ವರೆಗೆ ರಿಯಾಯಿತಿ ಕೊಡುವ ಯೋಜನೆ 2021ರಲ್ಲಿ ಬಂದಿದೆ. ಬಹಳ ಜನರಿಗೆ ಅದೇ ಸರಿಯಾದ ದಾರಿ.

ನಿಜವಾದ ಭಯ ಹುಟ್ಟಿದ್ದು ಚಾಸಿ ನಂಬರಿನಿಂದ. ಅದನ್ನು ಕಾಗದದ ಮೇಲೆ ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದು ಅರ್ಜಿಗೆ ಅಂಟಿಸಬೇಕು. ನಮ್ಮ ಗಾಡಿಯಲ್ಲಿ ಒಂದು ಅಂಕಿಯನ್ನು ಜಂಗು ತಿಂದಿತ್ತು. 3 ಇರಬಹುದು, 8 ಇರಬಹುದು. ಪುಸ್ತಕದಲ್ಲಿ 8 ಇತ್ತು. ಅದು 3 ಎಂದಾದರೆ ಗಾಡಿ ಯಾರದೆಂಬ ಪ್ರಶ್ನೆಯೇ ಏಳುತ್ತಿತ್ತು. ತೀರಿಹೋದ ಕಾಕಾ ಅವರ ಪ್ರಾಮಾಣಿಕತೆಯ ಮೇಲೆಯೇ ಗೆರೆ ಬೀಳುತ್ತಿತ್ತು. ಗಟ್ಟಿಯಾಗಿ ತಿಕ್ಕಿದರೆ ಇದ್ದದ್ದೂ ಅಳಿಸಿಹೋಗುವ ಹೆದರಿಕೆ. ಮೇಸ್ತ್ರಿ ಎರಡು ದಿನ ಎಣ್ಣೆಯ ಅರಿವೆ ಕಟ್ಟಿಟ್ಟು, ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಖಡುವಿನ ಪುಡಿ ತುಂಬಿದರು. ತಗ್ಗಿನಲ್ಲಿ ಬಿಳಿಯ ಪುಡಿ ಕೂತಿತು. ಎರಡು ಸೊನ್ನೆಗಳನ್ನು ಒಂದರ ಮೇಲೊಂದು ಇಟ್ಟಂತೆ 8 ಎದ್ದು ಕಂಡಿತು. ಸ್ವಂತ ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

ಇನ್ನೊಂದು ತೊಡಕು ನನ್ನದೇ. ಸರಕಾರಿ ನೌಕರನು ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಸರಕು ಗಾಡಿ ಕೊಂಡದ್ದನ್ನು ಕಚೇರಿಗೆ ಬರೆದು ತಿಳಿಸಿ, ಬಾಡಿಗೆ ಹೊಡೆಯುವುದಿಲ್ಲವೆಂದು ಸಹಿ ಮಾಡಿಕೊಟ್ಟೆ. ಮೇಲಧಿಕಾರಿಗಳು ಓದಿ, “ಹಾಗಾದರೆ ಏತಕ್ಕೆ ಕೊಂಡಿರಿ?” ಎಂದು ಕೇಳಿದರು. ಹೆಂಡತಿ ಕೇಳಿದ ಪ್ರಶ್ನೆಯೇ!

ಯೋಗ್ಯತೆಯ ಪರೀಕ್ಷೆಯಲ್ಲಿ ಮೊದಲ ಸಲ ಕೈಬ್ರೇಕಿಗಾಗಿಯೂ ದೀಪಕ್ಕಾಗಿಯೂ ನಪಾಸಾದೆವು. ಎರಡನೆಯ ಸಲ ಪಾಸಾಯಿತು. ಆಮೇಲೆ ನಮ್ಮವಳು ವಹಿ ತೆಗೆದು ಓದಿದ ಲೆಕ್ಕ ಇದು: ಗಾಡಿಯ ಬೆಲೆ 35,000, ಕ್ರೇನು 3,500, ತಗಡು ಮತ್ತು ಬೆಸುಗೆ 46,000, ಬಣ್ಣ 28,000, ಎಂಜಿನ್ 52,000, ಟಾಯರುಗಳು 22,000, ಬ್ಯಾಟರಿ 5,500, ಬ್ರೇಕು 9,000, ವೈರಿಂಗ್ 7,500, ಕಾಗದಪತ್ರ, ತೆರಿಗೆ, ಶುಲ್ಕ 24,000. ಒಟ್ಟು 2,32,500 ರೂಪಾಯಿ. ಇನ್ನೂ ಮೂರು ವರ್ಷ ಸಾಲದ ಕಂತು ಕಟ್ಟಬೇಕು. ಹಳೆಯ ಗಾಡಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೆ: ಮೊದಲು ಕಾಗದ ನೋಡಿರಿ, ಬಳಿಕ ಚಾಸಿ ನೋಡಿರಿ, ಎಂಜಿನ್ ಕೊನೆಗೆ. ಯಾರಾದರೂ ಅಂದಾಜು ಹೇಳಿದರೆ ಅದನ್ನು ಎರಡೂವರೆಯಿಂದ ಗುಣಿಸಿರಿ. ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಹೇಳಿರಿ.

ಧರ್ಮಸ್ಥಳಕ್ಕೆ ಹೋದವರು ಅಲ್ಲಿಯ ಮಂಜೂಷಾ ಸಂಗ್ರಹಾಲಯವನ್ನು ನೋಡಿರಬಹುದು. ಹಳೆಯ ಕಾರುಗಳಿಗಾಗಿಯೇ ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಎಂಬ ಸಂಗ್ರಹಾಲಯವೂ 2023ರಲ್ಲಿ ತೆರೆದಿದೆ. ಅರಸರ, ಶ್ರೀಮಂತರ ಕಾರುಗಳನ್ನು ಕಾಯ್ದಿಡುವವರು ಪುಣ್ಯವಂತರು. ನಮ್ಮಂಥವರ ಹಾಸಿಗೆ ಪಾತ್ರೆ ಹೊತ್ತ ಗಾಡಿಗಳನ್ನು ಕಾಯುವವರು ಕಡಿಮೆ.

ಪುನರ್ನಿರ್ಮಾಣದ ಕೆಲಸ ಹೇಳಿದ ಹೊತ್ತಿಗೆ ಆದದ್ದುಂಟೆ? ಒಂದು ತಿಂಗಳ ಅವಸರ ಮಾಡಿದವರು ಮನೆ ಬಿಡಿಸಿದ್ದು ಹದಿನಾಲ್ಕು ತಿಂಗಳ ಬಳಿಕ. ಕಾಕು ಕರ್ವೆನಗರದ ಬಾಡಿಗೆ ಮನೆಗೆ ಹೋಗಬೇಕಾಯಿತು. ಮ್ಯಾಟಡಾರ್ ಹೊತ್ತ ಮೊದಲ ಹೇರು ಅವರದೇ: ಒಂದು ಕಪಾಟು, ಎರಡು ಮಂಚ, ಬೀಸುವ ಕಲ್ಲು, ತುಳಸಿಯ ಕುಂಡ. ಹೌದಾ ತಗ್ಗಾದುದರಿಂದ ನಾನೂ ಮೇಸ್ತ್ರಿಯೂ ಇಬ್ಬರೇ ಏರಿಸಿದೆವು. ಕಾಕು ಮುಂದೆ ಕೂತು, ಬಾಗಿಲನ್ನು ನಾನು ತೋರಿಸುವ ಮೊದಲೇ ಕೈಯಿಂದ ಎತ್ತಿ ಎಳೆದು ಮುಚ್ಚಿದರು. ಅದು ಹಾಗೆಯೇ ಮುಚ್ಚುತ್ತದೆಂದು ಅವರಿಗೆ ಗೊತ್ತಿತ್ತು. ದಾರಿಯಲ್ಲಿ ಮಾತಾಡಲಿಲ್ಲ. ಇಳಿಯುವಾಗ, “ಗೇರಿನ ಸಪ್ಪಳ ಹಂಗೇ ಐತಿ” ಎಂದರು. ಬಾಡಿಗೆಯೆಂದು ಚೀಲದಿಂದ ನೋಟು ತೆಗೆದಾಗ ನಾನು ಸಹಿ ಮಾಡಿಕೊಟ್ಟ ಕಾಗದದ ಕಥೆ ಹೇಳಬೇಕಾಯಿತು. ಅವರಿಗೆ ಅದು ಅರ್ಥವಾಗಲಿಲ್ಲ. ಒಳಗೆ ಹೋಗಿ ದೇವರ ಮುಂದಿಟ್ಟ ತೆಂಗಿನಕಾಯಿ ತಂದು ನಮ್ಮವಳ ಉಡಿಯಲ್ಲಿ ಹಾಕಿದರು.

ಆ ರಾತ್ರಿ ಅವಳು ವಹಿ ತೆಗೆದು ಕೂತಳು. ಹದಿನಾಲ್ಕು ತಿಂಗಳಿಂದ ಖರ್ಚಿನ ಬದಿಯಷ್ಟೇ ತುಂಬಿತ್ತು. ಎದುರಿನ ಖಾಲಿ ಪುಟದ ಮೇಲೆ ‘ಜಮಾ’ ಎಂದು ಬರೆದು, ಕೆಳಗೆ ದಿನಾಂಕ ಹಾಕಿ, ‘ತೆಂಗಿನಕಾಯಿ 1’ ಎಂದು ಬರೆದುಕೊಂಡಳು.